ಹೆಬ್ಬೆರಳುದ್ದದ ಕುಳ್ಳನಿಗೆ ಬಣ್ಣದ ವೇಷ

ಕಂದಿಕೆರೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಅಟ್ಟದ ತುಂಬ ತೆಂಗಿನಕಾಯಿ, ಹಿತ್ತಿಲಲ್ಲಿ ಸೋಗೆಯ ರಾಶಿ, ನಡುಮನೆಯಲ್ಲಿ ಒಂಬತ್ತನೇ ತರಗತಿ ಮುಗಿಸಿದ ಹುಡುಗ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದಿದ್ದ ಚಿಕ್ಕಪ್ಪ ಒಂದು ರಟ್ಟಿನ ಡಬ್ಬ ಕೊಟ್ಟು ಹೋಗಿದ್ದಾನೆ. ಬಿಚ್ಚಿ ನೋಡಿದರೆ ಬೂದು ಬಣ್ಣದ ತುಂಡುಗಳು. ಕೈಯಿಲ್ಲದ ಒಂದು ಮುಂಡ, ಕೊಡಲಿ ಹಿಡಿದ ಕೈ, ಒಂದು ಗುರಾಣಿ, ಸೊಂಟದವರೆಗೆ ಇಳಿಯುವ ಗಡ್ಡವಿರುವ ತಲೆ. ಎಲ್ಲವನ್ನೂ ಜೋಡಿಸಿದರೆ ಹೆಬ್ಬೆರಳಿಗಿಂತ ಎತ್ತರವಾಗದು.

"ಇದೇನ್ಲಾ ಇದು, ಎಳೇ ಮಕ್ಕಳ ಬೊಂಬೆ? ಈ ವರ್ಷ ಎಸ್ಸೆಸ್ಸೆಲ್ಸಿ ಕಣ್ಲಾ ನಿಂದು" ಎನ್ನುತ್ತಾರೆ ಅಪ್ಪ.

ಅಪ್ಪನ ಆತಂಕ ಸುಳ್ಳಲ್ಲ. ಆದರೆ ಇದು ಎಳೆ ಮಕ್ಕಳ ಬೊಂಬೆಯೂ ಅಲ್ಲ. ಮೇಜಿನ ಮೇಲೆ ಆಡುವ ಯುದ್ಧದಾಟದ ಕಾಯಿ ಇದು. ಆಟಗಾರರಿಬ್ಬರು ತಮ್ಮ ತಮ್ಮ ಸೈನ್ಯವನ್ನು ಎದುರುಬದುರು ನಿಲ್ಲಿಸಿಕೊಂಡು, ಅಂಗುಲದ ಟೇಪು ಹಿಡಿದು ಅಳೆದು ಕಾಯಿ ನಡೆಸುತ್ತಾರೆ. ಹೊಡೆತ ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಚದುರಂಗಕ್ಕಿರುವಂತೆ ಇಲ್ಲಿ ಮನೆಗಳಿಲ್ಲ. ಮೇಜೇ ಬಯಲು, ಪುಸ್ತಕ ಪೇರಿಸಿದರೆ ಅದೇ ಗುಡ್ಡ.

ಯುದ್ಧವನ್ನು ಹಲಗೆಯ ಮೇಲಿಟ್ಟು ಆಡುವುದು ನಮಗೆ ಹೊಸದೇನಲ್ಲ. ಆನೆ, ಕುದುರೆ, ರಥ, ಕಾಲಾಳುಗಳ ಚತುರಂಗ ಈ ನೆಲದ್ದೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ಲೆಕ್ಕಗಳಲ್ಲಿ ಮುಳುಗಿ ಹೋಗಿದ್ದ ಅರಸರು. ಅದೇ ಕಾಲದಲ್ಲಿ ಯುರೋಪಿನಲ್ಲಿ ಈ ಆಟ ಬೇರೆ ದಾರಿ ಹಿಡಿಯಿತು. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ನಿಜವಾದ ಭೂಪಟ, ದಾಳ ಮತ್ತು ನಿಯಮಗಳಿದ್ದ ಯುದ್ಧದಾಟವನ್ನು ರೂಪಿಸಿ ಅಧಿಕಾರಿಗಳ ತರಬೇತಿಗೆ ಕೊಟ್ಟ. ಅದನ್ನು ಮನೆಯ ನೆಲಕ್ಕೆ ಇಳಿಸಿದವರಲ್ಲಿ ಮುಖ್ಯನಾದವನು ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್. 1913ರಲ್ಲಿ ಬಂದ ಆತನ 'ಲಿಟಲ್ ವಾರ್ಸ್' ಪುಸ್ತಕದಲ್ಲಿ ತವರದ ಸಿಪಾಯಿಗಳಿಗೆ ಸ್ಪ್ರಿಂಗ್ ಫಿರಂಗಿಯಿಂದ ಮರದ ಗುಂಡು ಹೊಡೆಯುವ ನಿಯಮಗಳಿವೆ. ಯುದ್ಧ ಮಾಡಲೇಬೇಕೆಂದಿದ್ದರೆ ಹೀಗೆ ಮಾಡಿ ಮುಗಿಸಿಬಿಡಿ ಎಂಬುದು ವೆಲ್ಸನ ವಾದ. ಮರುವರ್ಷವೇ ಮಹಾಯುದ್ಧ ಶುರುವಾಯಿತು. ಆತನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಸಿಪಾಯಿಗಳ ಜಾಗಕ್ಕೆ ಕುಳ್ಳರು, ರಾಕ್ಷಸರು, ಮಾಂತ್ರಿಕರು ಬಂದದ್ದು ಆಮೇಲೆ. ಅಮೆರಿಕದಲ್ಲಿ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್', ಬ್ರಿಟನ್ನಿನಲ್ಲಿ 1983ರಲ್ಲಿ 'ವಾರ್‌ಹ್ಯಾಮರ್' ಬಂದವು. ಗಡ್ಡಬಿಟ್ಟ, ಸುತ್ತಿಗೆ ಹಿಡಿದ, ಬೆಟ್ಟದೊಳಗೆ ಗಣಿ ಅಗೆಯುವ ಕುಳ್ಳರು ಉತ್ತರ ಯುರೋಪಿನ ಹಳೆಯ ಪುರಾಣಗಳಿಂದ ಬಂದವರು. ಅವರಿಗೆ ಇವತ್ತಿನ ರೂಪ ಕೊಟ್ಟದ್ದು ಟಾಲ್ಕೀನ್‌ನ 'ದಿ ಹಾಬಿಟ್' (1937). ನಮ್ಮಲ್ಲಿಯೂ ಕುಳ್ಳರಿಗೆ ಬರವಿಲ್ಲ. ಬಾದಾಮಿಯ ಗುಹೆಗಳಲ್ಲಿ ದೊಡ್ಡ ದೇವರುಗಳನ್ನು ನೋಡಿ ಬಂದವರು ಅಧಿಷ್ಠಾನದ ಪಟ್ಟಿಯನ್ನು ಗಮನಿಸಿರುವುದಿಲ್ಲ. ಅಲ್ಲಿ ಸಾಲಾಗಿ ಕುಳ್ಳ ಗಣಗಳು ಕುಣಿಯುತ್ತಿವೆ, ಹೊಟ್ಟೆ ಮುಂದೆ ಮಾಡಿ ನಗುತ್ತಿವೆ. ಆರನೇ ಶತಮಾನದ ಶಿಲ್ಪಿ ತನ್ನ ತಮಾಷೆಯನ್ನೆಲ್ಲ ಕೆಳಗಿನ ಸಾಲಿಗೆ ಇಟ್ಟುಕೊಂಡಿದ್ದನೆಂದು ಕಾಣುತ್ತದೆ.

ಇನ್ನು ಡಬ್ಬದಲ್ಲಿರುವ ಬೂದು ತುಂಡುಗಳ ವಿಷಯ. ಮೊದಲು ಇಂಥ ಬೊಂಬೆಗಳನ್ನು ಸೀಸ, ತವರ ಬೆರೆಸಿ ಎರಕ ಹೊಯ್ಯುತ್ತಿದ್ದರು. ಸೀಸ ವಿಷವೆಂಬ ಕಾರಣಕ್ಕೆ ಅದು ಹಿಂದೆ ಸರಿಯಿತು. ಈಗ ಪ್ಲಾಸ್ಟಿಕ್ಕೂ ಉಂಟು, ರೆಸಿನ್ನೂ ಉಂಟು. ರೆಸಿನ್ ಎಂದರೆ ರಾಳ. ಚನ್ನಪಟ್ಟಣದ ಬೊಂಬೆಗೆ ಮೆರುಗು ಕೊಡುವ ಅರಗು ಒಂದು ಬಗೆಯ ಕೀಟ ಸ್ರವಿಸುವ ರಾಳ. ಈ ಕುಳ್ಳನದು ಮಾತ್ರ ಕಾರ್ಖಾನೆಯ ರಾಳ. ಇಂಥವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಪಾಲಿಯುರಿಥೇನ್, ಜರ್ಮನಿಯ ಆಟೋ ಬೇಯರ್ 1937ರಲ್ಲಿ ಕಂಡುಹಿಡಿದದ್ದು. ಎರಡು ದ್ರವಗಳನ್ನು ಬೆರೆಸಿ ಸಿಲಿಕೋನ್ ರಬ್ಬರಿನ ಅಚ್ಚಿಗೆ ಹೊಯ್ದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಅಚ್ಚು ಮೆತ್ತಗಿರುವುದರಿಂದ ಗಡ್ಡದ ಒಂದೊಂದು ಎಳೆಯೂ ಮೂಡುತ್ತದೆ. ತೆಂಗಿನ ಸೀಮೆಯವರಿಗೆ ಇನ್ನೊಂದು ನಂಟೂ ಇದೆ: ಚಿಪ್ಪಿನ ನುಣುಪಾದ ಪುಡಿಯನ್ನು ಪ್ಲಾಸ್ಟಿಕ್, ಅಂಟು, ರಾಳಗಳಿಗೆ ಭರ್ತಿಯಾಗಿ ಬೆರೆಸುವ ಉದ್ಯಮಗಳಿವೆ. ಎಸೆದ ಚಿಪ್ಪು ಎಲ್ಲಿಗೆ ಹೋಗಿ ಏನಾಗುತ್ತದೆಂದು ಹೇಳಲಾಗದು.

ಕೆಲಸ ಶುರುವಾಗುವುದು ಬಚ್ಚಲಲ್ಲಿ. ಅಚ್ಚಿನಿಂದ ಸುಲಭವಾಗಿ ಬಿಡಿಸಿಕೊಳ್ಳಲೆಂದು ಸವರಿದ ಜಿಡ್ಡು ತುಂಡುಗಳ ಮೇಲೆ ಉಳಿದಿರುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದು ಒಣಗಿಸಬೇಕು. ಇದನ್ನು ಬಿಟ್ಟರೆ ಬಣ್ಣ ವಾರದಲ್ಲಿ ಚಕ್ಕೆಚಕ್ಕೆಯಾಗಿ ಏಳುತ್ತದೆ. ಹೊಸಬರಲ್ಲಿ ಹೆಚ್ಚಿನವರು ಬಿಡುವುದು ಇದನ್ನೇ. ಕೊಡಲಿಯ ಹಿಡಿ ಸೊಟ್ಟಗಿದ್ದರೆ ಬಿಸಿ ನೀರಲ್ಲಿ (ಕುದಿಯುವುದರಲ್ಲಿ ಬೇಡ) ಅರೆನಿಮಿಷ ಅದ್ದಿ, ಮೆತ್ತಗಾದಾಗ ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕಿದರೆ ಹಾಗೆಯೇ ನಿಲ್ಲುತ್ತದೆ.

ಆಮೇಲೆ ಚಾಕು, ಅರ. ಅಚ್ಚಿನ ಎರಡು ಭಾಗ ಕೂಡುವಲ್ಲಿ ಬೊಂಬೆಯ ಮೈಮೇಲೆ ಒಂದು ತೆಳು ಗೆರೆ ಎದ್ದಿರುತ್ತದೆ. ಅದನ್ನು ಹೆರೆಯದೆ ಬಣ್ಣ ಬಳಿದರೆ ಕುಳ್ಳನ ಮುಖದ ನಡುವೆ ಹೊಲಿಗೆ ಹಾಕಿದಂತೆ ಕಾಣುತ್ತದೆ. ಮನೆಯ ಹಿರಿಯರು ಓದಬೇಕಾದದ್ದು ಈ ಭಾಗ. ರೆಸಿನ್ ಉಜ್ಜಿದಾಗ ಏಳುವ ಪುಡಿ ಬಲು ನುಣುಪು, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಉಜ್ಜುಕಾಗದವನ್ನು ನೀರಲ್ಲಿ ಅದ್ದಿಕೊಂಡೇ ಉಜ್ಜಬೇಕು, ಮೂಗುಬಾಯಿಗೆ ಮುಖಗವುಸು ಇರಬೇಕು, ಊಟದ ಜಾಗದಲ್ಲಿ ಈ ಕೆಲಸ ಕೂಡದು. ಮುಗಿದ ಮೇಲೆ ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಚಾಕು ಯಾವಾಗಲೂ ಹೆಬ್ಬೆರಳಿನಿಂದ ಆಚೆಗೆ ಓಡಬೇಕು. ಇತ್ತೀಚೆಗೆ ಕಂಪ್ಯೂಟರ್ ಚಿತ್ರದಿಂದ ನೇರವಾಗಿ ಬೊಂಬೆ ಮುದ್ರಿಸುವ ಯಂತ್ರಗಳೂ ಬಂದಿವೆ. ಅದಕ್ಕೆ ಹಾಕುವ ದ್ರವ ರೆಸಿನ್ ಚರ್ಮಕ್ಕೆ ತಾಗಿದರೆ ಅಲರ್ಜಿ ತರುವಂಥದ್ದು. ಮುದ್ರಿಸಿ, ತೊಳೆದು, ಪೂರ್ತಿ ಗಟ್ಟಿಗೊಳಿಸಿದ ಬೊಂಬೆ ಕೊಳ್ಳಬಹುದು. ದ್ರವವನ್ನು ಮಾತ್ರ ಶಾಲಾ ಹುಡುಗರ ಕೈಗೆ ಕೊಡುವುದು ಬೇಡ.

ಅಂಟಿನ ವಿಷಯದಲ್ಲಿ ಒಂದು ಸಣ್ಣ ರಸಾಯನ ಪಾಠವಿದೆ. ಪ್ಲಾಸ್ಟಿಕ್ ಬೊಂಬೆಗೆ ಬಳಸುವ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ರೆಸಿನ್ ಅದಕ್ಕೆ ಕರಗದು. ಇಲ್ಲಿ ಬೇಕಾದದ್ದು ಕಿರಾಣಿ ಅಂಗಡಿಯಲ್ಲೂ ಸಿಗುವ ಫೆವಿಕ್ವಿಕ್‌ನಂಥ ಅಂಟು, ಅಂದರೆ ಸಯನೋಅಕ್ರಿಲೇಟ್. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಬೇರೇನನ್ನೋ ಹುಡುಕುತ್ತಿದ್ದಾಗ ಇದು ಸಿಕ್ಕಿತು. ಎಲ್ಲಕ್ಕೂ ಅಂಟಿಕೊಳ್ಳುತ್ತದೆಂದು ಬೇಸತ್ತು ಬದಿಗಿಟ್ಟ. ಮಾರಾಟಕ್ಕೆ ಬಂದದ್ದು 1958ರಲ್ಲಿ. ಗಾಳಿಯ ತೇವವೇ ಇದನ್ನು ಗಟ್ಟಿಗೊಳಿಸುವುದು. ಆದ್ದರಿಂದ ಹೆಚ್ಚು ಹಾಕಿದಷ್ಟೂ ನಿಧಾನ, ಸಾಸಿವೆಯಷ್ಟು ಹಾಕಿದರೆ ತಕ್ಷಣ. ಚೆಲ್ಲಿದರೆ ಹತ್ತಿಯಲ್ಲಿ ಒರೆಸಬಾರದು, ಹತ್ತಿ ತಗಲಿದರೆ ಇದು ಸುಡುವಷ್ಟು ಬಿಸಿಯಾಗುತ್ತದೆ. ಬೆರಳು ಬೆರಳಿಗೆ ಅಂಟಿದರೆ ಎಳೆಯದೆ ಬೆಚ್ಚಗಿನ ಸೋಪಿನ ನೀರಲ್ಲಿ ನೆನೆಸಿ ಮೆಲ್ಲಗೆ ಬಿಡಿಸಬೇಕು. ಕಣ್ಣಿಗೆ ಹಾರಿದರೆ ಮನೆಮದ್ದು ಬೇಡ, ನೇರ ವೈದ್ಯರ ಬಳಿಗೆ.

ಸಂದಿನಲ್ಲಿ ಬಿರುಕು, ಗುಳ್ಳೆಯ ತೂತು ಉಳಿದರೆ ನಲ್ಲಿ ಸೋರಿದಾಗ ಮೆತ್ತುವ ಎಂ-ಸೀಲ್ ಸಾಕು. ಎರಡು ಬಣ್ಣದ ಉಂಡೆ ಕಲಸಿ, ಒದ್ದೆ ಗುಂಡುಸೂಜಿಯಿಂದ ತೀಡಬೇಕು. ಅದರ ಮೇಲೆ ಒಂದು ಹದವಾದ ತಳಬಣ್ಣ ಬೀಳಬೇಕು, ಮೇಲಿನ ಬಣ್ಣ ಹಿಡಿದುಕೊಳ್ಳಲು. ಇಷ್ಟು ಕೇಳಿದ ಮೇಲೆ ಕೊಪ್ಪಳದ ಕಿನ್ನಾಳ ನೆನಪಾಗದೆ ಇರದು. ಅಲ್ಲಿನ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಜೋಡಿಸಿ, ಸಂದುಗಳಿಗೆ ಹುಣಸೆಬೀಜದ ಅಂಟು ಮೆತ್ತಿ, ಮರದ ಹೊಟ್ಟು ಮುಂತಾದವು ಸೇರಿದ 'ಕಿಟ್ಟ' ಬಳಿದು, ಮೇಲೆ ಬಿಳಿ ತಳಬಣ್ಣ ಕೊಟ್ಟು, ಅದು ಒಣಗಿದ ನಂತರವೇ ಗರುಡನ ಮೂಗಿಗೆ ಬಣ್ಣ ಮುಟ್ಟಿಸುವುದು. ಇಂಗ್ಲೆಂಡಿನ ಕೈಪಿಡಿಯಲ್ಲಿರುವುದೂ ಇದೇ ಕ್ರಮ. ಹುಣಸೆಬೀಜದ ಜಾಗದಲ್ಲಿ ಎಪಾಕ್ಸಿ ಬಂದಿದೆ, ಅಷ್ಟೆ.

ನಮ್ಮ ಹುಡುಗನೂ ಇಷ್ಟೆಲ್ಲ ಮಾಡಿದ. ವಾಹನಗಳ ಬಣ್ಣದ ಅಂಗಡಿಯಿಂದ ತಂದ ಬೂದು ಪ್ರೈಮರ್ ಸ್ಪ್ರೇಯನ್ನು ಮೊದಲು ಕತ್ತರಿಸಿ ಬಿಸಾಡುವ ತುಂಡಿನ ಮೇಲೆ ಹೊಡೆದು ನೋಡಿ, ಬೇಸಿಗೆಯ ಒಣ ಬೆಳಗಿನಲ್ಲಿ, ಹಿತ್ತಿಲ ಬಯಲಿನಲ್ಲಿ ಕುಳ್ಳನ ಮೇಲೆ ಹೊಡೆದ. (ಮಳೆಗಾಲದ ಥಂಡಿ ಗಾಳಿಯಲ್ಲಿ ಹೊಡೆದರೆ ಮೇಲ್ಮೈ ಪುಡಿಪುಡಿಯಾಗಿ ಕೆಡುತ್ತದೆ.) ಆಮೇಲೆ ಅಕ್ರಿಲಿಕ್ ಬಣ್ಣಗಳನ್ನು ನೀರು ಬೆರೆಸಿ ಹಾಲಿನಷ್ಟು ತೆಳ್ಳಗೆ ಮಾಡಿ, ದಪ್ಪ ಒಂದು ಕೋಟಿನ ಬದಲು ತೆಳ್ಳಗೆ ಎರಡು ಕೋಟು ಬಳಿದ. ಮುಖಕ್ಕೆ ತನ್ನ ಕೈಯ ಬಣ್ಣವನ್ನೇ ಹೋಲಿಸಿ ಕಂದು, ಅಂಗಿಗೆ ಕಡುನೀಲಿ, ಗಡ್ಡಕ್ಕೆ ಕೆಂಚು. ಎಲ್ಲೂ ಗೆರೆ ದಾಟಿಲ್ಲ. ಮೇಜಿನ ಮೇಲೆ ಇಟ್ಟ. ಜಗಲಿಯಲ್ಲಿದ್ದ ತಾತ ಅಲ್ಲಿಂದಲೇ ನೋಡಿ ಕೇಳಿದರು:

"ಮುಖ ಎಲ್ಲೋ ಮಗಾ ಅವನ್ದು?"

"ಅಲ್ಲೇ ಐತಲ್ಲ ತಾತ."

"ನಂಗೇನೂ ಕಾಣ್ತಿಲ್ಲ ಕಣಪ್ಪ. ಒಂದು ಕಂದು ಉಂಡೆ ಕೂತಂಗೈತೆ. ಆಟದಾಗೆ ರಾಕ್ಷಸನ ಮುಖಕ್ಕೆ ಹೆಂಗೆ ಬರೀತಿದ್ರು ಗೊತ್ತಾ?"

ತಾತ ಹೇಳಿದ್ದು ಮೂಡಲಪಾಯ ಯಕ್ಷಗಾನದ ಮಾತು. ಕರಾವಳಿಯ ಆಟಕ್ಕೆ ಎದುರಾಗಿ ಬಯಲುಸೀಮೆಯ ಈ ಆಟಕ್ಕೆ ಮೂಡಲಪಾಯವೆಂದು ಹೆಸರು. ತಿಪಟೂರಿನ ಬಳಿಯ ಕೊನೇಹಳ್ಳಿ ಅದಕ್ಕೆ ಹೆಸರಾದ ಊರು. ಸುಗ್ಗಿ ಮುಗಿದ ಮೇಲೆ ಬಯಲಲ್ಲಿ ರಾತ್ರಿಯಿಡೀ ಆಟ, ಮುಖವೀಣೆ, ಮದ್ದಳೆ, ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಭುಜಕೀರ್ತಿ, ಕಿರೀಟ. ಮುಂದಿನ ಸಾಲಿನ ಮಕ್ಕಳಿಗೆ ಭಯಂಕರವಾಗಿ ಕಾಣುವ ಬಣ್ಣ, ಹಿಂದೆ ಗಾಡಿಯ ಮೇಲೆ ಕುಳಿತವರಿಗೆ ಬರೀ 'ಮುಖ'ವಾಗಿ ಕಾಣಬೇಕು. ಅದಕ್ಕೇ ಹುಬ್ಬು ದಪ್ಪ, ಕಣ್ಣ ಸುತ್ತ ಕಪ್ಪು, ಕೆನ್ನೆಗೆ ಕೆಂಪು. ಹತ್ತಿರದಿಂದ ಅತಿಯಾದದ್ದು ದೂರದಿಂದ ಹದ.

ಹೆಬ್ಬೆರಳುದ್ದದ ಬೊಂಬೆಗೂ ದೂರಕ್ಕೂ ಏನು ಸಂಬಂಧ ಎನ್ನಬಹುದು. ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಲಿ. ಈ ಬೊಂಬೆಗಳ ಸಾಮಾನ್ಯ ಅಳತೆಯಲ್ಲಿ ಆಳೊಬ್ಬನ ಎತ್ತರ ಸುಮಾರು 28 ಮಿ.ಮೀ. ಅಂದರೆ 1,680 ಮಿ.ಮೀ. ಎತ್ತರದ ಮನುಷ್ಯನನ್ನು 60 ಪಟ್ಟು ಕುಗ್ಗಿಸಿದಂತೆ. ಮೇಜಿನ ಮೇಲಿನ ಬೊಂಬೆ ಕಣ್ಣಿನಿಂದ ಎರಡು ಅಡಿ ದೂರದಲ್ಲಿದ್ದರೆ, ನಿಜವಾದ ಮನುಷ್ಯನನ್ನು 120 ಅಡಿ ಆಚೆ ನಿಲ್ಲಿಸಿ ನೋಡಿದ್ದಕ್ಕೆ ಸಮ. ನೂರಿಪ್ಪತ್ತು ಅಡಿ ಆಚೆ ನಿಂತವನ ಕಣ್ಣುರೆಪ್ಪೆ ಯಾರಿಗೂ ಕಾಣದು. ಅಂದಮೇಲೆ ಬೊಂಬೆಗೆ ಬಣ್ಣ ಹಾಕುವವನು ರಂಗಸ್ಥಳದ ಹಿಂದೆ ಕುಳಿತು ಮುಖವರ್ಣಿಕೆ ಮಾಡುತ್ತಿದ್ದಾನೆ. ತನ್ನ ಮೂಗಿನ ಕೆಳಗೇ ಇರುವ ಮುಖವನ್ನು ಗಾಡಿಯ ಮೇಲೆ ಕುಳಿತವನಿಗಾಗಿ ಬರೆಯುತ್ತಿದ್ದಾನೆ.

ನೆರಳಿನ ವಿಷಯವೂ ಹಾಗೆಯೇ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯವಿದೆ. ಹೊರಗೋಡೆಯ ಮೂರ್ತಿಗಳನ್ನು ಬೆಳಗಿನ ಬಿಸಿಲಲ್ಲಿ ನೋಡಬೇಕು. ಆಳವಾಗಿ ಕೊರೆದ ಕಡೆಯೆಲ್ಲ ನೆರಳು ನಿಂತು ಸರ, ಸೊಂಟಪಟ್ಟಿ ಎಲ್ಲವೂ ಎದ್ದು ಬರುತ್ತವೆ. ಕಲ್ಲಿಗೆ ಬಣ್ಣ ಬೇಕಿಲ್ಲ, ಸೂರ್ಯನೇ ಬಣ್ಣಗಾರ. ಕುಳ್ಳನ ಗಡ್ಡದ ಎಳೆಗಳ ನಡುವಿನ ಸಂದಾದರೋ ಕೂದಲೆಳೆಯಷ್ಟು. ಅಲ್ಲಿ ಬೀಳುವ ನೆರಳು ಎರಡಡಿ ಆಚೆಯ ಕಣ್ಣಿಗೆ ಸಾಲದು. ಆದ್ದರಿಂದ ನೆರಳನ್ನೂ ಬೆಳಕನ್ನೂ ಬಣ್ಣದಲ್ಲೇ ಬರೆಯಬೇಕು.

ಹೇಗೆಂದರೆ, ಮೂಲಬಣ್ಣ ಒಣಗಿದ ಮೇಲೆ ಕಡುಕಂದು ಬಣ್ಣವನ್ನು ಸಾರಿನ ತಿಳಿಯಷ್ಟು ನೀರು ಮಾಡಿ ಇಡೀ ಬೊಂಬೆಗೆ ಹರಿಸುವುದು. ಅದು ತಾನಾಗಿಯೇ ಉಬ್ಬಿನಿಂದ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ; ಹೊಲದ ಮಳೆನೀರು ಸಾಲಿನಲ್ಲಿ ನಿಂತಂತೆ. ಒಣಗಿದರೆ ಅದೇ ನೆರಳು. ಬೆಳಕಿಗೆ ಇನ್ನೊಂದು ಉಪಾಯ. ಹಳೆಯ ಬ್ರಷ್ಷಿಗೆ ತಿಳಿಬಣ್ಣ ತಾಗಿಸಿ, ಬಟ್ಟೆಯಲ್ಲಿ ಒರೆಸೀ ಒರೆಸೀ ಇನ್ನೇನು ಬಣ್ಣವೇ ಇಲ್ಲ ಎನ್ನುವಾಗ ಗಡ್ಡದ ಮೇಲೆ ಅಡ್ಡಡ್ಡ ಆಡಿಸುವುದು. ಉಬ್ಬಿದ ಎಳೆಗಳಿಗೆ ಮಾತ್ರ ಬಣ್ಣ ಹತ್ತುತ್ತದೆ. ಹೊಸಬರಿಗೆ ಕುಳ್ಳನೇ ಒಳ್ಳೆಯ ಗುರು ಎನ್ನುವುದು ಈ ಕಾರಣಕ್ಕೆ: ಅವನಲ್ಲಿ ಅರ್ಧ ಗಡ್ಡ, ಉಳಿದರ್ಧ ಕವಚ, ಎರಡೂ ಈ ಉಪಾಯಕ್ಕೆ ಸುಲಭವಾಗಿ ಒಲಿಯುತ್ತವೆ. ಸಂದುಗಳ ತಪ್ಪನ್ನೂ ಗಡ್ಡ ಮುಚ್ಚುತ್ತದೆ. ಮುಖವೆಂದರೆ ಒಂದು ಮೂಗು, ಎರಡು ಕೆನ್ನೆ, ಹುಬ್ಬು. ಮೂಗಿನ ತುದಿಗೆ, ಕೆನ್ನೆಯ ಉಬ್ಬಿಗೆ ಮೂಲಬಣ್ಣಕ್ಕಿಂತ ಎರಡು ಪಟ್ಟು ತಿಳಿಬಣ್ಣದ ಒಂದೊಂದು ಚುಕ್ಕೆ ಇಟ್ಟರೆ ಕಂದು ಉಂಡೆ ಮನುಷ್ಯನಾಗುತ್ತದೆ. ಕಣ್ಣು ಬರೆಯಲೇಬೇಕೆಂಬ ಹಟ ಬೇಡ. ಹುಬ್ಬಿನ ಕೆಳಗೆ ಕಡುನೆರಳು ಬಿಟ್ಟರೆ ಸಾಕು. ತಪ್ಪು ಬರೆದ ಕಣ್ಣು ಬೊಂಬೆಯನ್ನು ಬೆಚ್ಚಿಬಿದ್ದವನಂತೆ ಮಾಡುತ್ತದೆ. ಬ್ರಷ್ಷು ಸಣ್ಣದಿರಬೇಕೆಂಬುದೂ ತಪ್ಪು ತಿಳಿವಳಿಕೆ. ತುದಿ ಚೂಪಾಗಿ ಕೂಡುವ ಒಂದನೇ ನಂಬರು, ಕೂದಲು ಕೆದರಿದ ಸೊನ್ನೆ ನಂಬರಿಗಿಂತ ಮೇಲು.

ಎಲ್ಲದರ ನಡುವೆ ಒಣಗುವ ಹೊತ್ತು. ಹುಡುಗರು ಸೋಲುವುದು ಇಲ್ಲಿ. ಒದ್ದೆ ನೆರಳಿನ ಮೇಲೆ ಬೆಳಕು ಹಚ್ಚಿದರೆ ಎರಡೂ ಕಲಸಿ ಕೆಸರು. ತಿಪಟೂರು ಸೀಮೆಯವರಿಗೆ ಕಾಯುವುದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಒಳಗೆ ನೀರು ಇಂಗಿ, ಒಡೆದಾಗ ಗಿಟುಕು ಇಡಿಯಾಗಿ ಬರಲು ಎಂಟು ಹತ್ತು ತಿಂಗಳೇ ಬೇಕು. ಆತುರಕ್ಕೆ ಮೊದಲೇ ಒಡೆದವನಿಗೆ ಹಸಿಕಾಯಿ ಸಿಗುತ್ತದೆ, ಕೊಬ್ಬರಿಯಲ್ಲ. ಕುಳ್ಳನಿಗೆ ಬೇಕಾದದ್ದು ಒಂದೊಂದು ಪದರಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆ ಗಣಿತದ ಎರಡು ಲೆಕ್ಕಕ್ಕೆ ಹೇಳಿ ಮಾಡಿಸಿದಂತಿದೆ ಎಂದು ಅಮ್ಮ ಕಂಡುಕೊಂಡರೆ ಹುಡುಗನಿಗೆ ಅದು ಅಷ್ಟು ಹಿಡಿಸಲಿಕ್ಕಿಲ್ಲ.

ಖರ್ಚಿನ ಮಾತು ಮುಚ್ಚಿಡುವಂಥದ್ದಲ್ಲ. ಹೊರದೇಶದ ಬೊಂಬೆಗಳು ದುಬಾರಿ; ಆಟಕ್ಕೆ ಬೇಕಾದ ಪೂರ್ತಿ ಸೈನ್ಯ ಕೊಳ್ಳುವುದು ರೈತರ ಮನೆಗೆ ಹೊಂದುವ ಮಾತಲ್ಲ. ಈ ಹವ್ಯಾಸಕ್ಕೊಂದು ಕಾಯಿಲೆಯೂ ಇದೆ: ಹಾಕುವುದಕ್ಕಿಂತ ಕೊಳ್ಳುವುದು ಸುಲಭವಾದ್ದರಿಂದ ಜಗತ್ತಿನಾದ್ಯಂತ ಹವ್ಯಾಸಿಗಳ ಕಪಾಟಿನಲ್ಲಿ ಬಣ್ಣ ಕಾಣದ ಬೂದು ರಾಶಿಗಳಿವೆ. ಒಂದು ಮುಗಿಯುವವರೆಗೆ ಇನ್ನೊಂದು ಇಲ್ಲ ಎಂದು ಮನೆಯವರು ಗೆರೆ ಎಳೆದರೆ ತಪ್ಪಿಲ್ಲ. ಕೊಳ್ಳಲಾಗದವರಿಗೂ ದಾರಿ ಉಂಟು. ತಂತಿಯ ಎಲುಬಿಗೆ ಎಂ-ಸೀಲ್ ಮೆತ್ತಿ ಗಡ್ಡವನ್ನು ಸೂಜಿಯಲ್ಲಿ ಗೀರಿದರೆ ಒಬ್ಬ ಕುಳ್ಳ ಸಿದ್ಧ. ಕೆರೆಯ ಜೇಡಿಮಣ್ಣಿನ ಗಣಪ ಮಾಡಿದ ಕೈಗೆ ಇದು ಕಷ್ಟವಲ್ಲ. ಆಟಕ್ಕೆ ಬಟನ್ನುಗಳನ್ನೇ ಸೈನಿಕರೆಂದು ಇಟ್ಟುಕೊಂಡರೂ ನಡೆಯುತ್ತದೆ. ಹಳೆಯ ವಾರ್‌ಹ್ಯಾಮರ್ ನಿಯಮದಲ್ಲಿ ಮನುಷ್ಯ ನಾಲ್ಕು ಅಂಗುಲ ನಡೆದರೆ ಕುಳ್ಳ ಮೂರೇ ಅಂಗುಲ. ಓಡಿ ಗೆಲ್ಲಲಾರ, ಜಾಗ ಹಿಡಿದು ನಿಂತು ಗೆಲ್ಲಬೇಕು. ಇಂಥವನ ಸೈನ್ಯ ನಡೆಸುವುದು ಬಟನ್ನಿನಲ್ಲೂ ಕಲಿಯಬಹುದು.

ಕೊನೆಯದು ಕುಳ್ಳ ನಿಲ್ಲುವ ತಳ. ಹೊರದೇಶದವರು ಇದಕ್ಕೆಂದೇ ಡಬ್ಬಿಯಲ್ಲಿ ಮಾರುವ ಕೃತಕ ಮಣ್ಣು ಕೊಳ್ಳುತ್ತಾರೆ. ಕಂದಿಕೆರೆಯಲ್ಲಿ ಅದು ಹಿತ್ತಿಲಲ್ಲೇ ಬಿದ್ದಿದೆ. ತಳಕ್ಕೆ ಫೆವಿಕಾಲ್ ಸವರಿ, ಜರಡಿ ಹಿಡಿದ ತೆಂಗಿನ ನಾರಿನ ಪುಡಿ ಉದುರಿಸಿ, ಒಂದೆರಡು ಮರಳು ಕಲ್ಲು ಇಟ್ಟರೆ ಕಾಡಿನ ನೆಲ.

ನಮ್ಮ ಹುಡುಗ ಮುಖವನ್ನು ಮತ್ತೊಮ್ಮೆ ಬರೆದ. ಹುಬ್ಬು ದಪ್ಪ ಮಾಡಿದ, ಮೂಗಿಗೆ ಬೆಳಕಿಟ್ಟ, ಹೊಳಪಿಲ್ಲದ ವಾರ್ನಿಷ್ ಹಚ್ಚಿ ಮೇಜಿನ ಮೇಲೆ ನಿಲ್ಲಿಸಿದ. ಜಗಲಿಯಿಂದ ತಾತ "ಈಗ ಬಂದ ನೋಡು ಅಯ್ಯಾ" ಎಂದರು. ತೋಟದಿಂದ ಬಂದ ಅಪ್ಪ ಕೈತೊಳೆದು, ಬೊಂಬೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಆಚೆ ಈಚೆ ತಿರುಗಿಸಿ ನೋಡಿದರು.

"ಕೊಡ್ಲಿಗೆ ಕಾವು ಗಿಡ್ಡ ಆಯ್ತು ಕಣ್ಲಾ" ಎಂದರು. "ಇದ್ರಾಗೆ ಮರ ಕಡಿಯಕ್ಕೆ ಆಗಾಕಿಲ್ಲ."